ಮಲಗಿದ ಗೆರೆ

3 ಅಕ್ಟೋಬರ್ 2023, ಮಂಗಳವಾರ. ಭಾಲ್ಕಿ

ಲ್ಯಾಬಿಗೆ ಇವತ್ತೂ ತಡ. ಎಚ್‌ಓಡಿ ಬಾಗಿಲಲ್ಲೇ ನಿಂತಿದ್ದರು. ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ. “ನಳ ಬಂದಿತ್ರಿ ಸರ್” ಎಂದೆ, ಬಿಟ್ಟರು. ನೀರಿಗೆ ಬರ ಬಿದ್ದ ಈ ವರ್ಷ ಭಾಲ್ಕಿಯಲ್ಲಿ ಆ ಒಂದು ಮಾತಿಗೆ ಎಲ್ಲ ತಪ್ಪೂ ಮಾಫಿ.

ಮಧ್ಯಾಹ್ನ ಶಿವರಾಜಪ್ಪ ಸರ್ ಫೋನು, ಬೀದರದಿಂದ. ಡಿಪ್ಲೊಮಾದಲ್ಲಿ ನನಗೆ ಫಿಜಿಕ್ಸ್ ಕಲಿಸಿದವರು. ರಿಟೈರ್ ಆದ ಮೇಲೆ ಹಳ್ಳಿ ಬಾವಿಗಳ ನೀರು ಅಳೆಯುವ ಹುಚ್ಚು ಹತ್ತಿಸಿಕೊಂಡಿದ್ದಾರೆ. ಸಂಜೆ ಮೋಟರ್ ಹಚ್ಚಿ ಬಾವಿಯ ನೀರು ಇಳಿಸುವುದು, ಒಂದು ಸೆನ್ಸರ್ ಇಳಿಬಿಡುವುದು, ಬೆಳಗಿನ ತನಕ ನೀರು ಎಷ್ಟು ಏರಿತು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಸುವುದು. ಗೆರೆ ಏರಿದರೆ ಬಾವಿಗೆ ಒರತೆ ಇದೆ. ಮಲಗಿದರೆ ಇಲ್ಲ. ಪ್ರೋಗ್ರಾಂ ಅವರೇ ಬರೆದದ್ದು, ಸುಮಾರು ವರ್ಷಗಳ ಹಿಂದೆ.

“ಹಳೇ ಕಂಪ್ಯೂಟರ್ ಡಬ್ಬಿ ಸುಟ್ಟು ಹೋತವಾ ಅನುಸೂಯಾ. ಮುನೀರೋದ್ದೀನ ಹೊಸಾದು ಕೊಟ್ಟಾನ. ಅದರಾಗ ನನ್ನ ಪ್ರೋಗ್ರಾಂ ಏಳವಲ್ದು. ನನಗ ಕಣ್ಣ ಆಪರೇಶನ್ ಆಗ್ಯಾದ, ಸ್ಕ್ರೀನ್ ನೋಡಬ್ಯಾಡ ಅಂದಾರ. ನೀನೇ ಮಾಡಬೇಕು.”

ನನ್ನಿಂದ ಆಗುವುದಿಲ್ಲ ಅನ್ನಲು ಬಾಯಿ ತೆರೆದಿದ್ದೆ. ಸುಮ್ಮನೆ ಕೇಳಿದೆ, ಈಗ ಯಾವ ಊರಿನ ಬಾವಿ ಎಂದು.

“ನಿಮ್ಮದ. ಜಾಂಬಳವಾಡಿ. ನಿಮ್ಮ ಓಣಿ ಬಾವಿ. ನಿಮ್ಮಕ್ಕ ಫೋನ್ ಮಾಡಿದ್ಳು.”

ಆಯ್ತು ಎಂದೆ. ಬೇರೇನು ಹೇಳಲಿ.

5 ಅಕ್ಟೋಬರ್, ಗುರುವಾರ

ರಜೆ ಹಾಕಿ ಬೀದರಕ್ಕೆ. ಚೌಬಾರಾದ ಹಿಂದೆ ಮುನೀರೋದ್ದೀನರ ಅಂಗಡಿ. ಕಂಪ್ಯೂಟರ್ ರಿಪೇರಿ, ಜೆರಾಕ್ಸ್, ರಂಜಾನ್‌ನಲ್ಲಿ ಖರ್ಜೂರ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ಆದರೂ ಒಳಗಿನದೆಲ್ಲ ಹೊಸದು ಹಾಕಿದ್ದಾರೆ.

“ಹಳೇ ಟೂಲ್‌ಕಿಟ್ಟೇ ಹಾಕಿ ಕೊಡ್ರಲಾ ಭಾಯ್.”

“ಇದ್ರಾಗ ಅದು ಕೂಡಲ್ರಿ ಮೇಡಂ. ನಾಕ ಸಲ ನೋಡೀನಿ. ಮನ್ಯಾಗ ಹೊಸಾ ಸೊಸಿ ಬಂದಾಳ ಅಂತ ತಿಳೀರಿ. ಇನ್ನ ಅಕಿ ಹೇಳ್ದಂಗ ಮನಿ ನಡೀಬೇಕು.”

ಅದು ಹೀಗೆ. ಪರದೆಯ ಮೇಲಿನ ಕಿಟಕಿ, ಬಟನ್ನು, ಮೆನು ಇವನ್ನೆಲ್ಲ ಕೊಡುವುದು ಟೂಲ್‌ಕಿಟ್. ಆ ಕಿಟಕಿಯೊಳಗೆ ಗೆರೆ ಎಳೆಯುವುದು ಪ್ಲಾಟಿಂಗ್ ಲೈಬ್ರರಿ. ಟೂಲ್‌ಕಿಟ್ ಹೊಸದು, ಲೈಬ್ರರಿ ಸರ್ ತಾವೇ ಅಲ್ಲಲ್ಲಿ ತಿದ್ದಿಕೊಂಡ ಹಳೆಯದು. ಅತ್ತೆಯೂ ಸರಿ, ಸೊಸೆಯೂ ಸರಿ. ಮಾತು ಮಾತ್ರ ಇಲ್ಲ. ನಡುವೆ ನಾನು.

8 ಅಕ್ಟೋಬರ್, ಭಾನುವಾರ

ಬೆಳಿಗ್ಗೆಯಿಂದ ಕೂತಿದ್ದೇನೆ. ಪ್ರೋಗ್ರಾಂ ಮೊದಲ ಸಾಲಿನಲ್ಲೇ ಬೀಳುತ್ತದೆ. ಹಳೆ ಟೂಲ್‌ಕಿಟ್ಟಿನಲ್ಲಿ ಎಲ್ಲ ಒಂದೇ ವಾಡೆಯಲ್ಲಿದ್ದವು. ಈಗ ಅಣ್ಣ ತಮ್ಮಂದಿರು ಪಾಲಾಗಿದ್ದಾರೆ. ಬಟನ್ ಒಂದು ಮನೆಯಲ್ಲಿ, ಬಣ್ಣ ಇನ್ನೊಂದರಲ್ಲಿ. ಯಾರು ಎಲ್ಲಿಗೆ ಹೋದರು ಎಂದು ಹುಡುಕಿ ಹುಡುಕಿ ಬರೆಯುವುದು.

ಅಷ್ಟಾದ ಮೇಲೆ ಇನ್ನೊಂದು ಕೊಸರು. ಮೊದಲು ಬರೀ ‘ಲೆಫ್ಟ್’ ಅಂದರೆ ತಿಳಿಯುತ್ತಿತ್ತು. ಈಗ ಮನೆತನದ ಹೆಸರು ಸೇರಿಸಿ ಪೂರ್ತಿ ಕರೆಯಬೇಕು, ಇಲ್ಲವಾದರೆ ತಿರುಗಿ ನೋಡುವುದಿಲ್ಲ. ನಮ್ಮ ಪ್ರಿನ್ಸಿಪಾಲರ ಸ್ವಭಾವ.

ಆದರೂ… ಖುಷಿ ಆಗುತ್ತಿದೆ. ಹದಿನೈದು ವರ್ಷದಿಂದ ಹುಡುಗರಿಗೆ ಒಂದೇ ಸಿಲೆಬಸ್, ಒಂದೇ ಪ್ರಾಕ್ಟಿಕಲ್. ಇವತ್ತು ಚಹಾ ಆರಿ ಹೋದದ್ದೂ ಗೊತ್ತಾಗಲಿಲ್ಲ.

10 ಅಕ್ಟೋಬರ್, ಮಂಗಳವಾರ

ಅಕ್ಕನ ಫೋನು. ಸಾಲೆಯಿಂದಲೇ ಮಾಡಿದ್ದಳು, ಹಿಂದೆ ಪಾತ್ರೆ ಸಪ್ಪಳ. ಅಕ್ಕ, ಅಂದರೆ ಕೇಶರಬಾಯಿ, ಜಾಂಬಳವಾಡಿ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಆ ಕೆಲಸ ಸುಮ್ಮನೆ ಸಿಕ್ಕದ್ದಲ್ಲ. ಮೊದಲ ವರ್ಷ ಮೇಲಿನ ಓಣಿಯ ಮಕ್ಕಳು ಡಬ್ಬಿ ತರುತ್ತಿದ್ದವು, ಅಕ್ಕನ ಕೈಯ ಅನ್ನ ಬೇಡ ಎಂದು. ಅಕ್ಕ ಜಗಳಾಡಲಿಲ್ಲ. ದಿನಾ ಅಷ್ಟೂ ಮಕ್ಕಳಿಗೆ ಆಗುವಷ್ಟೇ ಮಾಡಿದಳು, ಉಳಿದದ್ದನ್ನು ಹೆಡ್‌ಮಾಸ್ತರರ ಮುಂದೆ ಇಟ್ಟಳು. ಈಗ ಅದೇ ಮಕ್ಕಳು ಅವಳ ಸಾರಿಗೆ ಎರಡು ಸಲ ಕೈಯೊಡ್ಡುತ್ತವೆ.

“ಅನ್ಸೂ, ನಿನ್ ಮಶೀನ ಎಲ್ಲಿತನ ಬಂತು?”

“ನಡದದ ಅಕ್ಕಾ.”

“ಲಗೂ ಮಾಡು. ಮುಕಾದಮ ದಿನಾ ಬರ್ಲತ್ತಾನ. ನಿಮ್ ಭಾವ ಅವನ ಕೂಡ ಕಟ್ಟಿ ಮ್ಯಾಲ ಕೂಡ್ಲತ್ತಾರ. ಬಾವಿ ಬರ್ತದಂದ್ರ ನಾ ಹೋಗಲ್ಲ ಅಂತ ಹೇಳೀನಿ. ಬರಲ್ಲಂದ್ರ… ನೀರಿಲ್ದ ಅಡಗಿ ಎಲ್ಲಿಂದು.”

ಮುಕಾದಮ ಎಂದರೆ ಕಬ್ಬು ಕಡಿಯುವ ಗುಂಪಿಗೆ ಆಳು ಕೂಡಿಸುವವ. ಗಂಡ ಹೆಂಡತಿ ಜೋಡಿ ಹೋಗಬೇಕು. ದೀಪಾವಳಿ ಆಗುತ್ತಲೇ ಲಾರಿ, ಗಡಿಯಾಚೆ, ಹಂಗಾಮು ಮುಗಿಯುವ ತನಕ. ದಸರೆಯ ದಿನ ಬುದ್ಧನಿಗೆ ಧಮ್ಮಚಕ್ರ ವಂದನೆ ಆದ ಮೇಲೆ ಓಣಿಯವರು ಬಾವಿಕಟ್ಟೆಯಲ್ಲಿ ಕೂತು ತೀರ್ಮಾನ ಮಾಡುತ್ತಾರಂತೆ. ಹೋಗುವುದೋ, ಉಳಿಯುವುದೋ. ನನ್ನ ಗೆರೆ ನೋಡಿ.

ಫೋನ್ ಇಟ್ಟು ಮತ್ತೆ ಲ್ಯಾಪ್‌ಟಾಪ್ ತೆರೆದೆ.

14 ಅಕ್ಟೋಬರ್, ಶನಿವಾರ

ಕಿಟಕಿ ತೆರೆಯುತ್ತದೆ! ಖಾಲಿ ಕಿಟಕಿ, ಬಿಳಿ ಗೋಡೆ. ಆದರೂ ತೆರೆಯುತ್ತದೆ. ಸರ್‌ಗೆ ಫೋನ್ ಮಾಡಿ ಹೇಳಿದೆ. “ಭೇಷ್” ಎಂದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ರೇಡಿಯೋ ಕೇಳುತ್ತ ಕೂತಿದ್ದರಂತೆ.

ಗೆರೆ ಎಳೆ ಎಂದರೆ ಮಾತ್ರ ಸಾಯುತ್ತದೆ. ಹೊಸ ಟೂಲ್‌ಕಿಟ್ಟಿಗೆ ಚಿಲ್ಲರೆ ನಡೆಯುವುದಿಲ್ಲ. ಪರದೆಯ ಮೇಲೆ ಇಂಥ ಜಾಗದಲ್ಲಿ ಚುಕ್ಕೆ ಇಡು ಅಂದರೆ ಪೂರ್ಣ ಸಂಖ್ಯೆಯೇ ಬೇಕು. ನೂರಾ ಮೂರೂವರೆ ಅಂದರೆ ಒಲ್ಲೆ ಎನ್ನುತ್ತದೆ. ಹಳೆಯದು ಅರ್ಧವನ್ನು ತಾನೇ ನುಂಗಿಕೊಂಡು ಸುಮ್ಮನಿರುತ್ತಿತ್ತು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಅದೇ ತಕರಾರು. ಸಾಲು ಸಾಲು ಕೆಂಪು.

16 ಅಕ್ಟೋಬರ್, ಸೋಮವಾರ. ಲ್ಯಾಬ್, ಮಧ್ಯಾಹ್ನ

ಆಯಿತು!!

ಒಂದೊಂದೇ ಜಾಗ ತಿದ್ದುವುದು ಬಿಟ್ಟೆ. ಎಲ್ಲ ಅಂಕಿಗಳೂ ಹಾದು ಹೋಗುವ ಒಂದು ಬಾಗಿಲು ಸಿಕ್ಕಿತು. ಅಲ್ಲೇ ಒಬ್ಬ ಕಾವಲುಗಾರನನ್ನು ಕೂರಿಸಿದೆ. ಬಂದ ಅಂಕಿಯ ಚಿಲ್ಲರೆ ಕಿತ್ತು ಪೂರ್ಣ ಮಾಡಿ ಒಳಗೆ ಬಿಡು, ಅಷ್ಟೇ ಅವನ ಕೆಲಸ. ‘ಪೂರಾ’ ಎಂದು ಹೆಸರಿಟ್ಟೆ. ನಾಲ್ಕು ಸಾಲು. ಕೆಂಪೆಲ್ಲ ಮಾಯ. ಅಕ್ಷ ಬಂತು, ಮನೆ ಮನೆ ಗೀಟು ಬಂತು, ನೀಲಿ ಗೆರೆ ಬಂತು. ಹುಡುಗರು ಎದ್ದು ಬಂದು ನೋಡಿದರು. “ಮೇಡಂ, ಪಾರ್ಟಿ” ಎಂದರು. ಮಂಡಕ್ಕಿ ತರಿಸಿದೆ.

ನಾನೂ ಏನೋ ಇದ್ದೇನೆ ಅನಿಸಿತು ಇವತ್ತು.

19 ಅಕ್ಟೋಬರ್, ಗುರುವಾರ. ಜಾಂಬಳವಾಡಿ

ಭಾಲ್ಕಿಯಿಂದ ಔರಾದ ಬಸ್ಸು, ಅಲ್ಲಿಂದ ಟಂಟಂ ಆಟೋ. ದಾರಿಯುದ್ದ ತೊಗರಿ ಮೊಣಕಾಲಿಗೆ ಬಂದಿಲ್ಲ. ಸೋಯಾ ಆಗಲೇ ಹಳದಿ. ಟಂಟಂನಲ್ಲಿ ಯಾರೂ ಮಳೆಯ ಮಾತು ಎತ್ತಲಿಲ್ಲ. ಆಡಿ ಆಡಿ ಸಾಕಾಗಿದೆ.

ಬಾವಿಕಟ್ಟೆಯಲ್ಲಿ ಓಣಿಯೇ ನೆರೆದಿತ್ತು. ನಮ್ಮ ಬಾವಿ. ಮೇಲಿನ ಬಾವಿಗೆ ನಮ್ಮವರು ಕೊಡ ಇಳಿಸುವ ಹಾಗಿರಲಿಲ್ಲ ಒಂದು ಕಾಲಕ್ಕೆ. ಓಣಿ ಬುದ್ಧನ ದಾರಿ ಹಿಡಿದ ವರ್ಷವೇ ಅಜ್ಜನೂ ಅವರ ಸಂಗಡಿಗರೂ ಗುದ್ದಲಿ ಹಿಡಿದರು. ಹಗಲು ಬೇರೆಯವರ ಹೊಲದಲ್ಲಿ ದುಡಿದು, ಸಂಜೆ ಇದನ್ನು ತೋಡಿದರಂತೆ. ಬಂಡೆ ಹತ್ತಿತು, ಬಿಡಲಿಲ್ಲ. ನೀರು ಕಂಡ ದಿನ ಅಜ್ಜಿ ಮೊದಲ ಕೊಡ ಸೇದಿ, ತಾನು ಕುಡಿಯದೆ, ದಾರಿಯಲ್ಲಿ ಹೊರಟಿದ್ದ ಯಾರೋ ಗುರುತಿಲ್ಲದವರಿಗೆ ಕುಡಿಸಿದಳಂತೆ. ಇಂದಿಗೂ ದಸರೆಯ ದಿನ ಮೊದಲ ಕೊಡ ಹೊರಗಿನವರಿಗೇ. ಸಾಲೆಯ ಅಡುಗೆಗೂ ಇದೇ ನೀರು.

ಮಾಣಿಕ ಭಾವ ಮೋಟರ್ ಹಚ್ಚಿದರು. ಹೊತ್ತು ಮುಳುಗುವುದರೊಳಗೆ ನೀರು ತಳದ ಮಡುವಿಗೆ ಇಳಿಯಿತು. ಸೆನ್ಸರ್ ಬಿಟ್ಟೆ. ಬೆಳಗಾಗುವ ತನಕ ಯಾರೂ ಸೇದಬಾರದು ಎಂದು ಬಾವಿಗೆ ಜಾಲರಿ ಮುಚ್ಚಿಸಿದೆ. ಓಣಿಯ ಹಿರಿಯಾಕೆ ಕೌಸಲ್ಯಾಬಾಯಿ ಕಟ್ಟೆ ಮೇಲೆ ಕಾಲು ಚಾಚಿ ಕೂತು ಎಲ್ಲ ನೋಡುತ್ತಿದ್ದಳು. ಅವಳಿಗೆ ಯಾವ ಮಶೀನಿನ ಮೇಲೂ ನಂಬಿಕೆಯಿಲ್ಲ. ಬಿಪಿ ನೋಡುವ ಮಶೀನು ಕೈ ಹಿಚುಕುತ್ತದೆಂದು ಡಾಕ್ಟರಿಗೇ ಬೈದು ಬಂದವಳು.

“ಏ ಅನ್ಸೂ, ಈ ವೈರ್ ಬಾವಿಗಿ ಹಾಕೀದಿ, ಬಾವಿ ಮಾತಾಡ್ತದೇನ?”

“ಮಾತಾಡಲ್ಲ ಆಯಿ, ಬರದು ತೋರಸ್ತದ.”

“ಹಾಂ. ನನಗ ಓದ್ಲಕ ಬರಲ್ಲ ನೋಡು, ಚಲೋ ಆತು.”

20 ಅಕ್ಟೋಬರ್, ಶುಕ್ರವಾರ. ಬೆಳಿಗ್ಗೆ

ಗೆರೆ ಮಲಗಿದೆ.

ಮೊದಲು ನಂಬಲಿಲ್ಲ. ಮತ್ತೆ ಹಾಕಿದೆ. ಅದೇ. ಸಂಜೆಯಿಂದ ಬೆಳಗಿನ ತನಕ ಒಂದೇ ನೇರ ನೀಲಿ ಗೆರೆ. ಸರ್‌ಗೆ ಫೋನ್.

“ಸಂಜಿಕ ನೀರು ಎಷ್ಟು ಆಳದಾಗ ಇತ್ತವಾ?”

“ಹನ್ನೊಂದು ಮೀಟರ್ ಸರ್.”

“ಮುಂಜಾನಿ?”

“ಹನ್ನೊಂದ ಸರ್.”

ಅವರು ರೇಡಿಯೋ ಆರಿಸಿದರು. “ಹಂಗಾದ್ರ ಒರತಿ ಮುಚ್ಚ್ಯಾದ” ಎಂದರು. “ಕೆಳಗಿಂದ ನೀರ ಬರ್ಲತ್ತಿಲ್ಲ. ತಳದಾಗ ಉಳದದ್ದು ನಾಕ ವಾರ ಸೇದಬಹುದು, ಅದು ಮುಗೀತಂದ್ರ ಮುಗೀತು.”

ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. “ಇದಾ ಏನು ಗೆರಿ?” ಎಂದಳು. ಹೂಂ ಎಂದೆ. ಸೆರಗಿನಿಂದ ಪರದೆಯ ಧೂಳು ಒರೆಸಿ ಮತ್ತೆ ನೋಡಿದಳು.

24 ಅಕ್ಟೋಬರ್, ಮಂಗಳವಾರ. ದಸರೆ

ವಂದನೆ ಆಯಿತು. ಮೊದಲ ಕೊಡ ಟಂಟಂ ಡ್ರೈವರ್ ಖಾಜಾ ಮಿಯಾಗೆ. ಕುಡಿದು ಕಣ್ಣಿಗೊತ್ತಿಕೊಂಡರು. ಆಮೇಲೆ ಎಲ್ಲ ಕೂತರು.

ನಾನು ಗೆರೆ ತೋರಿಸಿದೆ, ಸರ್ ಹೇಳಿದ್ದು ಹೇಳಿದೆ. ಯಾರೂ ಒಪ್ಪಲಿಲ್ಲ. ಒಬ್ಬರು ಸೆನ್ಸರ್ ಕಸದಲ್ಲಿ ಸಿಕ್ಕಿರಬೇಕು ಎಂದರು. ಇನ್ನೊಬ್ಬರು ಬಂಡೆಯ ಬಾವಿ, ಇಷ್ಟು ಬೇಗ ಸಾಯುವುದಲ್ಲ ಎಂದರು. ಗದ್ದಲ. ಆಗ ಅಕ್ಕ ಎದ್ದು ನಿಂತಳು. ಅವಳು ನಾಲ್ಕು ಜನರೆದುರು ದೊಡ್ಡ ದನಿಯಲ್ಲಿ ಮಾತಾಡಿದ್ದು ನಾನು ನೋಡಿದ್ದೇ ಇಲ್ಲ.

“ಇದು ನನ್ನ ತಂಗಿ ಮಾಡಿದ್ದು. ಓಣ್ಯಾಗ ಮೊದಲ ಕಾಲೇಜ ಮೆಟ್ಟಲ ಹತ್ತಿದಾಕಿ ಅಕಿ. ಅಕಿ ಮಶೀನ ಸುಳ್ಳ ಹೇಳಲ್ಲ. ಬಾವಿ ಹೋಗ್ಯಾದ ಅಂದ್ರ ಹೋಗ್ಯಾದ. ನಾವ್ ಹೊಂಡ್ತೀವಿ.”

ಕೌಸಲ್ಯಾಬಾಯಿ ಎಲೆ ಅಡಿಕೆ ಉಗುಳಿ ಬಂದಳು. “ಗೆರಿ ಮಲಗಿದ್ರ ಮಲಗ್ಲಿ. ನಾ ಅಂತೂ ಏಳಲ್ಲ” ಎಂದಳು. ಕೆಲವರು ನಕ್ಕರು. ಅವಳ ಹಿಂದೆ ಇನ್ನೂ ಹಲವು ಮನೆಯವರು ನೋಡೋಣ, ಕಾಯೋಣ ಎಂದರು.

ಅಕ್ಕ ನನ್ನ ಕೈ ಹಿಡಿದುಕೊಂಡೇ ಮನೆಗೆ ಬಂದಳು. ಬಿಸಿಯೂಟದ ಸೌಟು ತೊಳೆದು ಗೂಟಕ್ಕೆ ಹಾಕಿದಳು. ನನಗೆ ದುಃಖವೂ ಆಯಿತು. ಸುಳ್ಳು ಯಾಕೆ, ಸ್ವಲ್ಪ ಹೆಮ್ಮೆಯೂ ಆಯಿತು. ಅಷ್ಟು ಜನರ ಮುಂದೆ.

15 ನವೆಂಬರ್, ಬುಧವಾರ

ಲಾರಿ ಹೋಯಿತು. ಜಾಂಬಳವಾಡಿಯಿಂದ ಜನ ಕಡಿಮೆ. ಅಕ್ಕ, ಭಾವ, ಇನ್ನು ಅಕ್ಕನ ಮಾತು ಕೇಳಿ ಎದ್ದ ಎರಡು ಮೂರು ಜೋಡಿ. ಔರಾದ ಬಸ್‌ಸ್ಟ್ಯಾಂಡಿನಲ್ಲಿ ಕೈ ಬೀಸಿ ಬಂದೆ. ಅಕ್ಕ ಲಾರಿಯ ಮೇಲೆ ಹಾಸಿಗೆ ಸುರುಳಿಗೆ ಒರಗಿ ಕೂತಿದ್ದಳು. ಕೋಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಹೊಸ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲೆ. ಸಾಲೆಯ ಕೀಲಿ ಸೆರಗಿನ ಗಂಟಿನಲ್ಲೇ ಉಳಿದಿತ್ತು. ಲಾರಿ ಹೊರಟಾಗ ನೆನಪಾಗಿ ನನ್ನತ್ತ ಎಸೆದಳು.

ಹಿಡಿದುಕೊಂಡೆ. ಅಕ್ಕನ ಬದಲು ಸಾಲೆಯ ಅಡುಗೆ ಹಿಡಿದ ಕೌಸಲ್ಯಾಬಾಯಿಗೆ ಮುಟ್ಟಿಸಲು ಖಾಜಾ ಮಿಯಾ ಕೈಯಲ್ಲಿ ಕೊಟ್ಟು ಬಂದೆ.

25 ನವೆಂಬರ್, ಶನಿವಾರ. ಭಾಲ್ಕಿ, ಬೆಳಿಗ್ಗೆ

ಇದನ್ನು ಹೇಗೆ ಬರೆಯಲಿ.

ಸಂತಪುರದ ಕಡೆಯ ಊರೊಂದು ಬಾವಿ ಅಳೆಯಲು ಕರೆದಿದೆ. ಸೆನ್ಸರ್ ಸರಿಯಿದೆಯೋ ನೋಡು ಎಂದಿದ್ದರು ಸರ್. ಇವತ್ತು ನಳ. ಹಿತ್ತಿಲ ಹೌದದಲ್ಲಿ, ಆಳದ ನೀರಿನ ತೊಟ್ಟಿಯಲ್ಲಿ, ಸೆನ್ಸರ್ ಬಿಟ್ಟು ಪೈಪ್ ಹಾಕಿದೆ. ಲ್ಯಾಪ್‌ಟಾಪ್ ಹೌದದ ಕಟ್ಟೆಯ ಮೇಲೆ.

ನೀರು ಏರುತ್ತಿದೆ. ಕಣ್ಣಾರೆ ಕಾಣುತ್ತಿದೆ, ಗೋಡೆಯ ಪಾಚಿಯ ಗುರುತು ಒಂದೊಂದೇ ಮುಳುಗುತ್ತಿದೆ. ಗೆರೆ ಮಲಗಿದೆ.

ಸೆನ್ಸರ್ ಕೆಟ್ಟಿತು ಎಂದು ಎಳೆಯಲು ಹೋದೆ. ಆಗ ಗೆರೆ ಒಮ್ಮೆಲೇ ಎದ್ದಿತು. ಒಂದು ಮೀಟರ್, ಮೆಟ್ಟಿಲ ಹಾಗೆ. ಮತ್ತೆ ಮಲಗಿತು. ಬದಿಯ ಅಂಕಿ ನೋಡಿದೆ, ಮೇಲಿನಿಂದ ನೀರು ಎಷ್ಟು ಆಳ ಎಂಬುದು. ಒಂದು, ಒಂದು, ಒಂದು, ಸೊನ್ನೆ. ನಡುವೆ ಏನೂ ಇಲ್ಲ.

ಪೂರಾ.

ನನ್ನ ಕಾವಲುಗಾರ. ಪರದೆಯ ಜಾಗಕ್ಕೆ ಪೂರ್ಣ ಸಂಖ್ಯೆ ಬೇಕಿತ್ತು, ನಿಜ. ನೀರಿನ ಆಳಕ್ಕೆ ಬೇಡವಾಗಿತ್ತು. ನಾನು ಎರಡನ್ನೂ ಒಂದೇ ಬಾಗಿಲಿಂದ ಬಿಟ್ಟೆ. ಎಲ್ಲದರ ಚಿಲ್ಲರೆಯನ್ನೂ ಅವನು ಕಿತ್ತುಕೊಂಡ. ಹನ್ನೊಂದು… ಚಿಲ್ಲರೆಯಿಲ್ಲದ ಹನ್ನೊಂದು. ಯಾವ ಬಾವಿ ಸಂಜೆಯೂ ಸರಿಯಾಗಿ ಹನ್ನೊಂದು, ಬೆಳಿಗ್ಗೆಯೂ ಸರಿಯಾಗಿ ಹನ್ನೊಂದು ಇರುತ್ತದೆ? ಹುಡುಗರು ಹೀಗೆ ಬರೆದು ತಂದರೆ ರೆಕಾರ್ಡ್ ವಾಪಸ್ ಎಸೆಯುತ್ತೇನೆ.

ಅದೇ ದಿನ, ಮಧ್ಯಾಹ್ನ

ಕಾವಲುಗಾರನನ್ನು ಬಾಗಿಲಿಂದ ತೆಗೆದೆ. ಪರದೆಯ ಹತ್ತಿರ ಮಾತ್ರ ನಿಲ್ಲಿಸಿದೆ. ಸೆನ್ಸರಿನ ಫೈಲಿನಲ್ಲಿ ಚಿಲ್ಲರೆ ಸಮೇತ ಉಳಿದಿದ್ದ ಜಾಂಬಳವಾಡಿಯ ಅಕ್ಟೋಬರಿನ ಅಂಕಿಗಳನ್ನು ಮತ್ತೆ ಹಾಕಿದೆ.

ಗೆರೆ ಏರುತ್ತದೆ. ಸಂಜೆ ಹನ್ನೊಂದೂ ಮುಕ್ಕಾಲಿನ ಮೇಲೆ, ಬೆಳಿಗ್ಗೆ ಹನ್ನೊಂದೂ ಚಿಲ್ಲರೆ. ಒಂದೂವರೆ ಮೊಳದಷ್ಟು ನೀರು. ಅಷ್ಟು ಆಳದಲ್ಲಿ ಕರಿ ತಟ್ಟೆಯಷ್ಟೇ ಕಾಣುವ ನೀರು, ಮೇಲಿನಿಂದ ಬಗ್ಗಿ ನೋಡಿದರೆ ಯಾರಿಗೂ ಗೊತ್ತಾಗುವ ಹಾಗಿಲ್ಲ. ಅದಕ್ಕೇ ತಾನೇ ಮಶೀನು. ಬಾವಿ ಅಗಲದ್ದು. ಲೆಕ್ಕ ಹಾಕಿದೆ. ಕುಡಿಯಲು, ಅಡುಗೆಗೆ ಓಣಿಗೆಲ್ಲ ಆಗುತ್ತದೆ. ಸಾಲೆಗೂ ಆಗುತ್ತದೆ.

ಅಕ್ಕನ ಫೋನ್ ಹತ್ತಲಿಲ್ಲ. ಸರ್‌ಗೆ ಮಾಡಿದೆ. ಹೇಳುವಾಗ ಅಳು ಬಂತು, ಅತ್ತೆ. ಅವರು ಬೈಯಲಿಲ್ಲ. “ನಾನೂ ಹನ್ನೊಂದು ಅಂದಾಗ ಎಷ್ಟ ಪಾಯಿಂಟ್ ಅಂತ ಕೇಳಬೇಕಿತ್ತವಾ. ಕೇಳಲಿಲ್ಲ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

3 ಡಿಸೆಂಬರ್, ಭಾನುವಾರ. ಜಾಂಬಳವಾಡಿ

ಹೋದೆ. ಒಂದು ವಾರ ಬೇಕಾಯಿತು ಧೈರ್ಯ ಮಾಡಲು.

ಕಟ್ಟೆಯಲ್ಲಿ ಎಲ್ಲರನ್ನೂ ಕರೆದು ಹೇಳಿದೆ. ತಪ್ಪು ನನ್ನದು, ಬಾವಿಗೆ ಒರತೆ ಇದೆ, ಮೊದಲೂ ಇತ್ತು. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಉಳಿದವರು ಉಳಿದೇ ಇದ್ದಾರೆ, ನೀರು ಸೇದುತ್ತಲೇ ಇದ್ದಾರೆ. ನನ್ನ ಗೆರೆ ಎದ್ದರೂ ಮಲಗಿದರೂ ಅವರಿಗೆ ಈಗ ಆಗಬೇಕಾದ್ದೇನೂ ಇಲ್ಲ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನನ್ನನ್ನು ನಂಬದವರೆಲ್ಲ ತಮ್ಮ ಮನೆಯಲ್ಲಿದ್ದಾರೆ. ನಂಬಿದವಳು ಹೋದಳು.

ಕೌಸಲ್ಯಾಬಾಯಿ ಸಾಲೆಯಲ್ಲಿ ಅಡುಗೆ ಮಾಡುತ್ತಿದ್ದಾಳೆ. ಅವಳ ಸಾರಿಗೆ ಮಕ್ಕಳು ಮೂಗು ಮುರಿಯುತ್ತವಂತೆ. ಬೇರೆ ಊರಿನವರೊಬ್ಬರು ಆ ಕೆಲಸ ಕೇಳಿಕೊಂಡು ಬಂದಿದ್ದರಂತೆ, ಹೆಡ್‌ಮಾಸ್ತರರ ಮುಂದೆಯೇ ಅವರನ್ನು ಓಡಿಸಿದ್ದಾಳೆ.

“ಸೌಟು ಕೇಶರದು. ಅಕಿ ಬರೋತನ ನಾ ಹಿಡದೀನಿ. ಅಕಿಗಿ ಹೇಳೀದೇನ, ಬಾವಿದು?”

“ಫೋನ್ ಹತ್ತವಲ್ದು ಆಯಿ.”

“ಹತ್ತಿದಾಗ ಹೇಳು.”

17 ಡಿಸೆಂಬರ್, ಭಾನುವಾರ

ಹತ್ತಿತು.

ಅಕ್ಕನೇ ಮಾಡಿದ್ದಳು, ಯಾರದೋ ಫೋನಿನಿಂದ. ಲಾತೂರ ದಾಟಿ ಎಲ್ಲೋ ಇದ್ದಾರಂತೆ. ಚಳಿಯಂತೆ. ಭಾವನಿಗೆ ಕೆಮ್ಮು. ನಸುಕಿಗೇ ಕಡಿಯಲು ನಿಲ್ಲಬೇಕಂತೆ. ಮಕ್ಕಳು ಸರಿಯಾಗಿ ಉಣ್ಣುತ್ತವಾ ಎಂದು ಕೇಳಿದಳು. ಸಾಲೆಯ ಮಕ್ಕಳು.

ಹೂಂ ಎಂದೆ.

“ಬಾವಿ ಪೂರಾ ಹೋತೇನ ಅನ್ಸೂ?”

ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಏನಾಗುತ್ತದೆ? ಮುಂಗಡ ಹಿಡಿದಾಗಿದೆ, ಹಂಗಾಮು ಮುಗಿಯದೆ ಮುಕಾದಮ ಬಿಡುವುದಿಲ್ಲ. ಬರಲಾರಳು. ಬರಲಾರದವಳಿಗೆ ಯಾಕೆ ಇನ್ನೊಂದು ಸಂಕಟ… ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಬುದ್ಧಿವಂತಳ ಮಾತುಗಳು.

“ದನಿ ಸರಿ ಕೇಳವಲ್ದು ಅಕ್ಕಾ” ಎಂದೆ. ಸ್ವಚ್ಛ ಕೇಳುತ್ತಿತ್ತು.

10 ಜನವರಿ 2024, ಬುಧವಾರ

ನಾಳೆ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಇದಕ್ಕೆ ದೀಪಾವಳಿಗಿಂತ ಹೆಚ್ಚಿನ ಮಾನ. ಊರಿಗೆ ಊರೇ ಹೊಲಕ್ಕೆ ಹೋಗಿ ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುವ ದಿನ. ಯಾವ ಹೊಲವಾದರೂ ಸರಿ, ಯಾರ ಹೊಲವಾದರೂ ಸರಿ, ಕರೆದು ಬಡಿಸುತ್ತಾರೆ.

ಅಕ್ಕ ಹೊಲದಲ್ಲೇ ಇದ್ದಾಳೆ. ಬಡಿಸುವವರಿಲ್ಲ.

ಮಧ್ಯಾಹ್ನದಿಂದ ಭಜ್ಜಿಗೆ ಕೂತೆ. ಕಡಲೆ ಸೊಪ್ಪು, ಮೆಂತ್ಯೆ, ಹಸಿ ತೊಗರಿ, ಅವರೆ, ಹುಣಸೆ. ಅಕ್ಕನ ಕೈ ರುಚಿ ಬರಲಿಲ್ಲ, ಬರುವುದೂ ಇಲ್ಲ. ಅಂಬಲಿ ಕ್ಯಾನಿನಲ್ಲಿ. ಸಜ್ಜೆ ರೊಟ್ಟಿ ಬಟ್ಟೆಯಲ್ಲಿ. ಚೀಲದಲ್ಲಿ ಇನ್ನೂ ಜಾಗವಿತ್ತು. ಲ್ಯಾಪ್‌ಟಾಪ್ ಇಟ್ಟೆ, ತೆಗೆದೆ, ಇಟ್ಟೆ.

11 ಜನವರಿ, ಗುರುವಾರ. ಸಂಜೆ, ಕಬ್ಬಿನ ಹೊಲ

ಪೆನ್ನು ಹಿಡಿದ ಕೈಗೆ ಇನ್ನೂ ಅಂಬಲಿಯ ವಾಸನೆ. ಬರೆಯದಿದ್ದರೆ ಆಗುವುದಿಲ್ಲ, ಅದಕ್ಕೆ ಕಬ್ಬಿನ ಹೊರೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಉದಗೀರ, ಲಾತೂರ, ಅಲ್ಲಿಂದ ಕಬ್ಬಿನ ಟ್ರ್ಯಾಕ್ಟರ್. ಹೊತ್ತು ನೆತ್ತಿ ದಾಟಿದ ಮೇಲೆ ಮುಟ್ಟಿದೆ. ರವದಿಯ ಗುಡಿಸಲುಗಳ ಸಾಲು, ಕಬ್ಬಿನ ಒಣ ಸೋಗೆಯವು. ಅಕ್ಕನ ಗುರುತು ಹತ್ತಲಿಲ್ಲ ಮೊದಲು. ಮುಖಕ್ಕೆಲ್ಲ ಬಟ್ಟೆ, ಕೈಗೆ ಹಳೆ ಕಾಲುಚೀಲ. ನನ್ನನ್ನು ಕಂಡು ಕೋಯ್ತಾ ಕೆಳಗೆ ಹಾಕಿದಳು. “ಮನ್ಯಾಗ ಯಾರಿಗ್ ಏನಾಗ್ಯಾದ?” ಅದೇ ಮೊದಲ ಮಾತು. ಏನೂ ಆಗಿಲ್ಲ, ಭಜ್ಜಿ ತಂದೀನಿ ಎಂದೆ. ಕೂತಲ್ಲೇ ಕೂತುಬಿಟ್ಟಳು.

ಎಲ್ಲರೂ ಉಂಡರು. ಜಾಂಬಳವಾಡಿಯವರು, ಬೀಡ ಕಡೆಯವರು, ಯಾರ್ಯಾರೋ. ಭಾವ ಎರಡು ಸಲ ಅಂಬಲಿ ಹಾಕಿಸಿಕೊಂಡರು. ಉಪ್ಪು ಕಮ್ಮಿ ಎಂದಳು ಅಕ್ಕ, ಬಟ್ಟಲು ಬಳಿದು.

ಆಗ ಹೇಳಿದೆ. ಒಂದೇ ಉಸಿರಿಗೆ. ಗೆರೆ ಸುಳ್ಳು, ತಪ್ಪು ನನ್ನದು, ಬಾವಿಗೆ ಒರತೆ ಇದೆ, ನೀವು ಬರಬೇಕಾಗಿಯೇ ಇರಲಿಲ್ಲ.

ಭಾವ ಎದ್ದು ಅತ್ತ ಹೋದರು. ಅಕ್ಕ ಅಲುಗಲಿಲ್ಲ.

“ಬಾವಿ ಜೀವಂತ ಅದಾ?”

“ಅದ.”

“ಖರೆ?”

“ಖರೆ ಅಕ್ಕಾ. ಕೌಸಲ್ಯಾ ಆಯಿ ಸಾಲಿ ಅಡಗಿ ಅದರ ನೀರಿಲೇ ಮಾಡ್ಲತ್ತಾಳ. ನಿನ್ನ ಸೌಟು ಹಿಡಕೊಂಡು ಕುಂತಾಳ, ಯಾರಿಗೂ ಕೊಟ್ಟಿಲ್ಲ.”

“ನಿನಗ ಯಾವಾಗ ಗೊತ್ತಾತು?”

ನವೆಂಬರ್ ಎಂದೆ.

ಅವಳು ಕೈಯ ಕಾಲುಚೀಲ ತೆಗೆದಳು. ಅಂಗೈ ತುಂಬ ಸೀಳು. ಆ ಕೈಯಿಂದ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೂ ಆಗುತ್ತಿತ್ತು.

“ಬರೂದಕ್ಕ ನಾ ಬಂದೀನಿ, ಅದು ಬಿಡು. ಕೈ ಕಾಲ ಗಟ್ಟಿ ಅವ, ದುಡೀತೀವಿ. ಆದ್ರ ನವಂಬರ್‌ದಿಂದ, ಅನ್ಸೂ… ದಿನಾ ಮಲಗೋವಾಗ ಅಜ್ಜನ ಬಾವಿ ನಮ್ಮ ಕಾಲಕ್ಕ ಸತ್ತು ಹೋತು ಅಂತ ಮಲಗೀನಿ. ಫೋನ್‌ನ್ಯಾಗ ಕೇಳ್ದೆ ನಿನಗ. ಒಂದ ಮಾತ ಹೇಳ್ಲಿಲ್ಲ ನೀ.”

ಅವಳನ್ನು ಇಲ್ಲಿಗೆ ಕಳಿಸಿದ್ದೇ ದೊಡ್ಡ ತಪ್ಪು ಎಂದು ಇಷ್ಟು ದಿನ ಬೇಯುತ್ತಿದ್ದೆ. ಅವಳು ಅದನ್ನು ಕೈಬಿಟ್ಟು ಇನ್ನೊಂದನ್ನು ಹಿಡಿದಳು. ಅವಳು ಹಿಡಿದದ್ದೇ ಸರಿ.

ಆಮೇಲೆ ಅವಳೇ ಚೀಲ ಎಳೆದುಕೊಂಡಳು. “ತೋರಿಸು” ಎಂದಳು.

ಕಬ್ಬಿನ ಹೊರೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಗೆರೆ ಬಂತು. ಕೆಳಗಿನ ಮೂಲೆಯಿಂದ ನಿಧಾನ ಏರಿ, ಬೆಳಗಿನ ಹೊತ್ತಿಗೆ ಮೇಲೆ. ಅಕ್ಕ ಬೆರಳಿಟ್ಟು ಗೆರೆಯ ಜೊತೆ ಜೊತೆಗೇ ನಡೆದಳು, ಬುಡದಿಂದ ತುದಿಯ ತನಕ. “ಇದು ನಾವ್ ಮಲಗಿದ್ದಾಗ ಏರಿದ್ದಾ?” ಎಂದಳು. ಹೂಂ ಎಂದೆ. ಅವಳಿಗೆ ಅಳು ಬಂತು, ನಗುವೂ ಬಂತು, ಮುಖದ ಬಟ್ಟೆಯಿಂದಲೇ ಒರೆಸಿಕೊಂಡಳು. ಎದ್ದು ನಿಂತು ಗುಡಿಸಲುಗಳ ಕಡೆ ಕೂಗಿದಳು, ದಸರೆಯ ದಿನ ಮಾತಾಡಿದ ಅದೇ ದನಿ:

“ಏ, ಬರ್ರಿ ಇಲ್ಲಿ. ನಮ್ಮ ಬಾವಿ ನೋಡ ಬರ್ರಿ.”

ಬರುತ್ತಿದ್ದಾರೆ. ಬೀಡ ಕಡೆಯ ಹೆಂಗಸರಿಗೆ ನಮ್ಮ ಬಾವಿ ಎಲ್ಲಿಯದೆಂದೂ ಗೊತ್ತಿಲ್ಲ, ಅವರೂ ಬಗ್ಗಿ ನೋಡುತ್ತಿದ್ದಾರೆ. ಅಕ್ಕ ಒಬ್ಬೊಬ್ಬರಿಗೂ ಬೆರಳಿಟ್ಟು ಹೇಳುತ್ತಿದ್ದಾಳೆ, ಅಜ್ಜ ತೋಡಿದ್ದು, ಬಂಡೆ ಹತ್ತಿದ್ದು, ಮೊದಲ ಕೊಡ. “ನನ್ನ ತಂಗಿ ತಂದಾಳ” ಎನ್ನುತ್ತಿದ್ದಾಳೆ. ನನ್ನ ಕಡೆ ಇನ್ನೂ ನೋಡಿಲ್ಲ. ಪರದೆ ಮಬ್ಬಾಗುತ್ತಿದೆ, ಚಾರ್ಜರ್ ಚೀಲದಲ್ಲಿದೆ, ಇಲ್ಲಿ ಕರೆಂಟಿಲ್ಲ. ಮತ್ತೆ ಯಾರೋ ಬಂದರು. ಅಕ್ಕ ಕರೆಯುತ್ತಿದ್ದಾಳೆ, ಮೊದಲಿಂದ ಇನ್ನೊಮ್ಮೆ ಏರಿಸಿ ತೋರಿಸಬೇಕಂತೆ, ಬ್ಯಾಟರಿ ಇನ್ನು ಎಷ್ಟು ಹೊತ್ತು—